ಬೈಕ್ ಆಫ್ ಮಾಡೋದು ಕೀಯಲ್ಲೋ ಕಿಲ್ ಸ್ವಿಚ್ಚಲ್ಲೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಯಾವುದ್ರಲ್ಲಿ ಬೇಕಾದ್ರೂ ಆಫ್ ಮಾಡಿ, ಇಂಜಿನ್‌ಗೆ ಏನೂ ಆಗಲ್ಲ. ಕಿಲ್ ಸ್ವಿಚ್, ಅಂದ್ರೆ ಹ್ಯಾಂಡಲ್ ಬಲಗಡೆ ಹೆಬ್ಬೆರಳ ಹತ್ರ ಇರೋ ಕೆಂಪು ಸ್ವಿಚ್, ಒತ್ತಿದ ಮೇಲೆ ಕೀನೂ ತಿರುಗಿಸಿ ತೆಗೀರಿ, ಅಷ್ಟೇ. ಮದುವೆ ಮನೆ, ಪೆಟ್ರೋಲ್ ಬಂಕು, ಆಫೀಸ್ ಪಾರ್ಕಿಂಗು, ಎಲ್ಲಿ ಸಿಕ್ಕಿದ್ರೂ ಇದನ್ನೇ ಕೇಳ್ತೀರ, ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದವರಿಗೆ ಇದನ್ನೇ ಓದಿ ಅಂತೀನಿ.

ಪ್ರಶ್ನೆ ತಪ್ಪಲ್ಲ, ಕೇಳೋ ರೀತಿಗೆ ನಂಗೆ ಸಿಟ್ಟು ಬರೋದು. "ಅಣ್ಣ, ಹೆಸರಲ್ಲೇ ಕಿಲ್ ಅಂತ ಇದೆ, ದಿನಾ ಒತ್ತಿದ್ರೆ ಇಂಜಿನ್ ಲೈಫ್ ಕಮ್ಮಿ ಆಗಲ್ವಾ?" ಆಗಲ್ಲ ಮಾರಾಯ. ಆ ಕೆಂಪು ಸ್ವಿಚ್ಚಿಗೆ ಇರೋದು ಒಂದೇ ಕೆಲಸ, ಪೆಟ್ರೋಲ್ ಹೊತ್ತಿಸೋ ಸ್ಪಾರ್ಕ್ ನಿಲ್ಲಿಸೋದು. ಎಫ್‌ಐ ಗಾಡಿ, ಅಂದ್ರೆ ಪೆಟ್ರೋಲ್ ಚಿಮ್ಮಿಸೋ ಫ್ಯೂಯಲ್ ಇಂಜೆಕ್ಷನ್ ಗಾಡಿ ಆದ್ರೆ, ಆ ಚಿಮ್ಮೋದೂ ನಿಲ್ಲುತ್ತೆ. ಕೀ ತಿರುಗಿಸಿದ್ರೂ ಇಂಜಿನ್ ಒಳಗೆ ಆಗೋದು ಇದೇನೇ, ಜೊತೆಗೆ ಲೈಟು ಹಾರ್ನು ಮೀಟರು ಎಲ್ಲಾ ಹೋಗುತ್ತೆ, ವ್ಯತ್ಯಾಸ ಅಷ್ಟೇ. ಆದ್ರೂ "ಇಲ್ಲ ಅಣ್ಣ, ನಮ್ಮ ಮೆಕ್ಯಾನಿಕ್ ಮುಟ್ಲೇಬೇಡ ಅಂದಿದಾನೆ" ಅಂತೀರ. ಯಾಕಂದ ಗೊತ್ತಾ? ನೀವು ಕಿಲ್ ಸ್ವಿಚ್ ಒತ್ತಿ ಕೀ ಆನಲ್ಲೇ ಬಿಟ್ಟು ಮನೆ ಒಳಗೆ ಹೋಗ್ತೀರ, ರಾತ್ರಿಯೆಲ್ಲಾ ಲೈಟ್ ಉರಿದು ಬೆಳಿಗ್ಗೆ ಬ್ಯಾಟರಿ ಡೌನ್. ಇಲ್ಲಾ ಪಕ್ಕದ ಮನೆ ಮಗು ಸ್ವಿಚ್ ಒತ್ತಿರುತ್ತೆ, ನೀವು ಇಪ್ಪತ್ತು ಸಲ ಕಿಕ್ ಹೊಡೆದು ಆ ಮೆಕ್ಯಾನಿಕ್ಕಿಗೆ ಫೋನ್ ಮಾಡ್ತೀರ, ಅವನು ಅಂಗಡಿ ಬಿಟ್ಟು ಬಂದು ಒಂದು ಬೆರಳಲ್ಲಿ ಸ್ವಿಚ್ ಸರಿ ಮಾಡಿ ವಾಪಸ್ ಹೋಗ್ಬೇಕು. ಅವನ ಸಂಕಟ ಅದು.

ಮಾಡಬಾರದ್ದು ಬೇರೆ ಇದೆ, ಅದನ್ನ ಯಾರೂ ಕೇಳಲ್ಲ. ಗೇರಲ್ಲಿಟ್ಟು ಕ್ಲಚ್ ಬಿಟ್ಟು ಜರ್ಕ್ ಹೊಡೆಸಿ ನಿಲ್ಲಿಸ್ತಾರಲ್ಲ, ಆ ಪೆಟ್ಟು ಪೂರ್ತಿ ಚೈನು ಗೇರ್‌ಬಾಕ್ಸಿಗೆ. ಆಫ್ ಮಾಡೋ ಮುಂಚೆ ವ್ರೂಂ ಅಂತ ರೇಸ್ ಕೊಡೋದೂ ಅಷ್ಟೇ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಇರೋ ಹಳೇ ಗಾಡೀಲಿ ಸುಡದ ಪೆಟ್ರೋಲ್ ಸಿಲಿಂಡರ್ ಒಳಗೆ ಉಳಿದು ಗೋಡೆ ಮೇಲಿನ ಆಯಿಲ್ ತೊಳೆಯುತ್ತೆ, ಲಾಭ ಏನೂ ಇಲ್ಲ.

ನಮ್ಮಪ್ಪನ ಹತ್ರ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿದು, ಆ ಫ್ಯಾಕ್ಟರಿ 1996ರಲ್ಲಿ ಮುಚ್ಚೋಯ್ತು. ಊರಿಗೆ ಹೋಗಿ ವಾರಗಟ್ಟಲೆ ಗಾಡಿ ತೆಗೆಯಲ್ಲ ಅಂದ್ರೆ ಅಪ್ಪ ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಮುಚ್ಚಿ, ಇಂಜಿನ್ ತಾನಾಗೇ ನಿಲ್ಲೋವರೆಗೂ ಪಕ್ಕದಲ್ಲೇ ನಿಂತಿರ್ತಿದ್ರು. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಆಯಿಲ್ ಬೆರೆಸಿರುತ್ತೆ, ಕಾರ್ಬುರೇಟರಲ್ಲಿ ಹಾಗೇ ಬಿಟ್ರೆ ಪೆಟ್ರೋಲ್ ಆರಿಹೋಗಿ ಆಯಿಲ್ ಜಿಡ್ಡು ಮಾತ್ರ ಉಳಿಯುತ್ತೆ. ಆ ಗಾಡಿಗೆ ಅದೇ ಸರಿಯಾದ ಉತ್ತರ. ಆದ್ರೆ ಅದನ್ನ ಕೇಳಿಕೊಂಡು ಈಗಿನ ಬಿಎಸ್ 6 ಎಫ್‌ಐ ಬೈಕಲ್ಲಿ ಪೆಟ್ರೋಲ್ ಖಾಲಿ ಮಾಡಿ ನಿಲ್ಲಿಸೋಕೆ ಹೋಗ್ಬೇಡಿ, ಪಂಪ್ ಟ್ಯಾಂಕ್ ಒಳಗೇ ಇರುತ್ತೆ, ಪೆಟ್ರೋಲೇ ಅದನ್ನ ತಂಪಾಗಿಡೋದು.

ಈಗ ನಿಜ ಹೇಳ್ತೀನಿ. ನಾನು ಕೂಡ ಮೊದಲ ಬೈಕ್ ತಗೊಂಡಾಗ ಯಾರೋ ಹೇಳಿದ ಮಾತು ನಂಬಿ ನಾಲ್ಕು ವರ್ಷ ಕಿಲ್ ಸ್ವಿಚ್ ಮುಟ್ಟಿರಲಿಲ್ಲ. ಒಂದು ಜುಲೈಯಲ್ಲಿ ತೀರ್ಥಹಳ್ಳಿಯಿಂದ ಉಡುಪಿ ಕಡೆ ಹೊರಟಿದ್ದೆ, ಆಗುಂಬೆ ಘಾಟಿ ಇಳೀತಾ ಇದೀನಿ, ಮಳೆ ಅಂದ್ರೆ ಮುಂದಿನ ತಿರುವು ಕಾಣದಷ್ಟು ಮಳೆ. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಎರಡು ತಿರುವಿನ ಮಧ್ಯ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ, ಬಿಟ್ಟೆ, ಅದು ವಾಪಸ್ ಬರಲಿಲ್ಲ. ಎದುರಿಂದ ಮಿನಿ ಬಸ್ ಹತ್ತಿ ಬರ್ತಿದೆ, ನಾನು ಬ್ರೇಕ್ ಹಿಡಿದ್ರೆ ಇಂಜಿನ್ ಮುಂದಕ್ಕೆ ತಳ್ತಿದೆ, ಕ್ಲಚ್ ಹಿಡಿದ್ರೆ ಇಂಜಿನ್ ಕಿರುಚ್ತಿದೆ, ಕೀ ತಿರುಗಿಸಬೇಕು ಅಂದ್ರೆ ಬಲಗೈ ಮುಂದಿನ ಬ್ರೇಕಿಂದ ತೆಗೀಬೇಕು, ಇಲ್ಲಾ ಎಡಗೈ ಕ್ಲಚ್ ಬಿಡಬೇಕು. ಹೆಬ್ಬೆರಳು ಆ ಸ್ವಿಚ್ ಹುಡುಕ್ತು. ಸಿಕ್ತು, ಆದ್ರೆ ಅಲ್ಲಾಡಲಿಲ್ಲ. ನಾಲ್ಕು ವರ್ಷದ ಧೂಳು ಕೂತಿತ್ತಲ್ಲ. ಎರಡನೇ ಸಲ ಉಗುರು ಹಾಕಿ ಒತ್ತಿದಾಗ ಟಕ್ ಅಂತು, ಸದ್ದು ನಿಂತೋಯ್ತು, ಬೈಕು ಕಟ್ಟೆಗೆ ಒಂದು ಗೇಣು ಬಾಕಿ ಇರೋವಾಗ ನಿಂತಿತು. ಗಾಡಿ ಆಫಲ್ಲೇ ನಿಧಾನಕ್ಕೆ ಸೋಮೇಶ್ವರದವರೆಗೂ ಇಳಿಸಿದೆ. ಅಲ್ಲಿ ಮೆಕ್ಯಾನಿಕ್ ಆಕ್ಸಿಲರೇಟರ್ ಕೇಬಲ್ ಎಳೆದು ತೋರಿಸಿದ, ಒಳಗಿನ ತಂತಿಯ ಎರಡು ಎಳೆ ತುಂಡಾಗಿ ಹೊರಗಿನ ಪೈಪಿಗೆ ಸಿಕ್ಕಿಕೊಂಡಿತ್ತು.

ಅವತ್ತಿಂದ ನಾನು ದಿನಾ ಕಿಲ್ ಸ್ವಿಚ್ಚಲ್ಲೇ ಆಫ್ ಮಾಡಿ ಆಮೇಲೆ ಕೀ ತೆಗೆಯೋದು. ಇಂಜಿನ್ ಚೆನ್ನಾಗಿರಲಿ ಅಂತ ಅಲ್ಲ, ಸ್ವಿಚ್ ಕೆಲಸ ಮಾಡ್ತಿದೆ ಅಂತ ದಿನಾ ಗೊತ್ತಾಗಲಿ, ಹೆಬ್ಬೆರಳಿಗೆ ಜಾಗ ಅಭ್ಯಾಸ ಆಗಲಿ ಅಂತ.

ಹಾಗಾಗಿ ನೀವು ಕೇಳಬೇಕಿದ್ದ ಪ್ರಶ್ನೆ "ಹೇಗೆ ಆಫ್ ಮಾಡೋದು" ಅಲ್ಲ, "ಗಾಡಿ ನನ್ನ ಮಾತು ಕೇಳದೇ ಓಡ್ತಾ ಇದ್ರೆ ಹೇಗೆ ಆಫ್ ಮಾಡೋದು" ಅಂತ. ಮೊದಲು ಕ್ಲಚ್ ಪೂರ್ತಿ ಹಿಡೀರಿ, ಇಂಜಿನ್ ಎಷ್ಟೇ ಕಿರುಚಲಿ ಹೆದರ್ಬೇಡಿ, ಬ್ರೇಕ್ ಬಿಡದೇ ಹೆಬ್ಬೆರಳಲ್ಲಿ ಕಿಲ್ ಸ್ವಿಚ್ ಒತ್ತಿ. ಕೀ ಆನಲ್ಲೇ ಇರೋದ್ರಿಂದ ಬ್ರೇಕ್ ಲೈಟು, ಇಂಡಿಕೇಟರ್ ಉರೀತಿರುತ್ತೆ, ಹಿಂದಿನ ಲಾರಿಯವನಿಗೆ ನೀವು ಕಾಣ್ತೀರ. ಕೀ ತಿರುಗಿಸಿದ್ರೆ ಕತ್ತಲಲ್ಲಿ ಅದೂ ಇಲ್ಲ. ಇದನ್ನ ಯಾಕೆ ಯಾರೂ ಕೇಳಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ.

ಮೊನ್ನೆ ಚಿಕ್ಕಪ್ಪನ ಮಗ ಹೊಸ ಬೈಕ್ ತಂದು ಅದೇ ಹಳೇ ಪ್ರಶ್ನೆ ಕೇಳ್ದ. ಕೀ ಕಿತ್ತುಕೊಂಡೆ, ಗಾಡಿ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ, ಬ್ರೇಕ್ ಹಿಡಿದುಕೊಂಡೇ ಕಿಲ್ ಸ್ವಿಚ್ ಒತ್ತು ಅಂದೆ. ಮೊದಲು ಸೆಲ್ಫ್ ಬಟನ್ ಒತ್ತಿದ. ಮತ್ತೆ ಅಂದೆ. ಬ್ರೇಕ್ ಬಿಟ್ಟ. ಮತ್ತೆ ಅಂದೆ. "ಅಣ್ಣ, ಸಾಕು" ಅಂದ. ಸಾಕಾಗಿರಲಿಲ್ಲ, ಹತ್ತು ಸಲ ಸರಿಯಾಗಿ ಒತ್ತಿದ ಮೇಲೇ ಕೀ ಕೊಟ್ಟಿದ್ದು.