ಐನೂರು ಯಂತ್ರ, ಒಂದು ಫೈಲು

ಕ್ಲೌಡ್‌ನಲ್ಲಿ, ಅಂದರೆ ಬೇರೆಯವರ ಡೇಟಾಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ನಮ್ಮ 500 ವರ್ಚುವಲ್ ಯಂತ್ರಗಳಿಗೆ ಹೊಸ ಫೈಲು ಕಳಿಸಿದರೆ ಕೊನೆಯವಕ್ಕೆ ತೀರಾ ತಡವಾಗಿ ಮುಟ್ಟುತ್ತಿದೆ ಅಂತ ಬೆಂಗಳೂರಿನ ಟೀಮಿನಿಂದ ಕಾಲ್ ಬಂತು. ಸುಂಟಿಕೊಪ್ಪದ ಹತ್ತಿರ ಮಾವನ ತೋಟದ ಮನೆಯಲ್ಲಿದ್ದೆ. ಜುಲೈ ಮಳೆ, ಕರೆಂಟ್ ಇಲ್ಲ, ಯುಪಿಎಸ್ ಕುಯ್ ಅನ್ನುತ್ತಿತ್ತು.

ಲೆಕ್ಕ ಸುಲಭ. ಫೈಲು 20 ಎಂಬಿ. ಒಂದೇ ಯಂತ್ರ 500 ಪ್ರತಿ ಕಳಿಸಬೇಕು ಅಂದರೆ 10 ಜಿಬಿ. ಒಂದು ಬೈಟಿಗೆ 8 ಬಿಟ್, ಹಾಗಾಗಿ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಲಿಂಕ್ ಪೂರ್ತಿ ನಮಗೇ ಸಿಕ್ಕರೂ 8 ಸೆಕೆಂಡ್ ಬೇಕು.

"ಸರ್, ಮಲ್ಟಿಕಾಸ್ಟ್ ಹಾಕಿಬಿಡೋಣ ಅಲ್ವಾ?" ಅಂದ ಹೊಸ ಹುಡುಗ. ಅಂದರೆ ಫೈಲಿನ ಒಂದೊಂದು ತುಂಡನ್ನೂ (ಪ್ಯಾಕೆಟ್) ಒಂದೇ ಸಲ ಕಳಿಸು, ದಾರಿ ಕವಲೊಡೆಯುವಲ್ಲಿ ನೆಟ್‌ವರ್ಕಿನ ಸ್ವಿಚ್ಚೇ ಪ್ರತಿ ಮಾಡಿಕೊಳ್ಳಲಿ. ನೆಟ್‌ವರ್ಕ್ ಸಂಶೋಧಕ ಸ್ಟೀವ್ ಡೀರಿಂಗ್ ಇದನ್ನು 1989ರ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1112ರಲ್ಲೇ ಬರೆದಿಟ್ಟಿದ್ದಾರೆ. ತೊಡಕಿರುವುದು ಸ್ವಿಚ್ಚಿನ ನೆನಪಿನಲ್ಲಿ (ಮೆಮೊರಿ). ಯಾವ ಗುಂಪಿನ (ಒಂದೇ ಫೈಲು ಬೇಕಾದ ಯಂತ್ರಗಳ) ಪ್ಯಾಕೆಟ್ ಯಾವ ಕಡೆ ಹೋಗಬೇಕು ಅಂತ ಸ್ವಿಚ್ ಬರೆದಿಟ್ಟುಕೊಳ್ಳಬೇಕು, ಅದರ ಪಟ್ಟಿಯೋ (ಟೇಬಲ್) ಚಿಕ್ಕದು. ಕ್ಲೌಡ್‌ನಲ್ಲಿ ಗಿರಾಕಿಗಳು ಲೆಕ್ಕವಿಲ್ಲದಷ್ಟು, ಒಬ್ಬೊಬ್ಬರದೂ ಹತ್ತಾರು ಗುಂಪು. 2019ರ ಸಿಗ್‌ಕಾಮ್ ನೆಟ್‌ವರ್ಕ್ ಸಂಶೋಧಕರ ಸಮ್ಮೇಳನದಲ್ಲಿ ಬಂದ ಎಲ್ಮೋ ಎಂಬ ವಿಧಾನ, ಈ ಪಟ್ಟಿಯ ಬಹುಪಾಲನ್ನು ಪ್ಯಾಕೆಟ್ಟಿನ ಮುಂದೆ ವಿಳಾಸ ಬರೆಯುವ ಹೆಡರ್‌ನಲ್ಲೇ ಕಳಿಸಿಬಿಡಿ ಅನ್ನುತ್ತದೆ. ನನಗೆ ಬಹಳ ಹಿಡಿಸಿದ ಯೋಚನೆ. ಆದರೆ ಅದನ್ನು ಕ್ಲೌಡ್ ನಡೆಸುವವರು ಮಾಡಬೇಕು, ಬಾಡಿಗೆಗಿರುವ ನಾವಲ್ಲ.

ಮಾವ ಇಣುಕಿ, "ಏನೋ, ಆಗ್ಲಿಂದ ಗುಂಪು ಗುಂಪು ಅಂತಿದ್ದೀಯ?" ಅಂದರು. ಹೇಳಿದೆ.

"ಮಳೆಗೆ ಕೆಲಸ ಇಲ್ಲ ಅಂದ್ರೆ ತೋಟದ ಕೆಲಸ ನೋಡಿಕೊಳ್ಳೋ ನಮ್ಮ ರೈಟ್ರು ಮನೆ ಮನೆಗೆ ಹೋಗ್ತಾರಾ? ಕೆಲಸದವರ ಸಾಲುಮನೆ ಲೈನಿಗೊಬ್ಬರಿಗೆ ಹೇಳ್ತಾರೆ, ಅವರು ಉಳಿದವ್ರಿಗೆ ಹೇಳ್ತಾರೆ."

"ಅವರು ಹೇಳದೆ ಮಲಗಿಬಿಟ್ರೆ?"

"ಇಡೀ ಲೈನು ಕೊಡೆ ಹಿಡ್ಕೊಂಡು ಬರತ್ತೆ!"

ಕಾಲ್‌ನಲ್ಲಿ ಇದೇ ಜಗಳ ನಡೀತಿತ್ತು. ಮೊದಲು 20 ಯಂತ್ರಕ್ಕೆ ಕಳಿಸುವುದು, ಪ್ರತಿಯೊಂದೂ ಮತ್ತೆ 24ಕ್ಕೆ ದಾಟಿಸುವುದು. ಲೆಕ್ಕದಲ್ಲಿ ಒಂದು ಸೆಕೆಂಡಿನೊಳಗೆ ಎಲ್ಲ ಮುಗಿಯಬೇಕು. ಆದರೆ ಮಧ್ಯದ ಒಂದು ಯಂತ್ರ ಸತ್ತರೆ ಅದರ ಕೆಳಗಿನ 24ಕ್ಕೂ ಸುದ್ದಿ ಇಲ್ಲ. ಅದಕ್ಕೇ, ಇಷ್ಟು ಹೊತ್ತು ಕಾದರೂ ಫೈಲು ಬರದಿದ್ದರೆ ನೇರವಾಗಿ ಮೂಲವನ್ನೇ ಕೇಳಬೇಕು ಅಂತ ಸೇರಿಸಿದೆವು. ಸಂಜೆ ಬೇಕಂತಲೇ ಮಧ್ಯದ ಎರಡು ಯಂತ್ರ ಆಫ್ ಮಾಡಿ ನೋಡಿದೆವು. ಕೆಳಗಿನ 48ಕ್ಕೂ ಫೈಲು ಸಿಕ್ಕಿತು, ಕೊಂಚ ತಡವಾಗಿ.

ಎಷ್ಟು ಹೊತ್ತು ಕಾಯಬೇಕು ಅನ್ನೋದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಜಾಸ್ತಿ ಇಟ್ಟರೆ ತಡ. ಕಮ್ಮಿ ಇಟ್ಟರೆ ಎಲ್ಲವೂ ಒಟ್ಟಿಗೆ ಮೂಲಕ್ಕೇ ಮುಗಿಬೀಳುತ್ತವೆ, ಮತ್ತದೇ 8 ಸೆಕೆಂಡ್.