ಬಾಡಿಗೆ ಸೈಕಲ್ಲಿನಲ್ಲಿ ಆಗುಂಬೆ ಹತ್ತುವವರಿಗೆ

ಉಡುಪಿಯಿಂದ ಆಗುಂಬೆಗೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕಳೆದ ಡಿಸೆಂಬರಿನಲ್ಲಿ ಅದೇ ಘಾಟಿಯನ್ನು ಒಬ್ಬಳೇ ಬಾಡಿಗೆ ಸೈಕಲ್ಲಿನಲ್ಲಿ ಹತ್ತಿದೆ. ಮೊದಲ ದಿನ ಹೆಬ್ರಿ ಮಾರ್ಗವಾಗಿ ಆಗುಂಬೆ, ಎರಡನೆಯ ದಿನ ಶೃಂಗೇರಿ, ಮೂರನೆಯ ದಿನ ಕೆರೆಕಟ್ಟೆ, ಮಾಳ, ಕಾರ್ಕಳ ಹಾದು ಮನೆ. ಹೊರಡುವ ಮೊದಲು ನನಗಿದ್ದ ಭಯವೆಲ್ಲ ಕಾಲಿನ ಶಕ್ತಿಯ ಬಗ್ಗೆ. ಕಾಲು ಹೇಗೋ ಹೊಂದಿಕೊಂಡಿತು, ಕಷ್ಟ ಕೊಟ್ಟದ್ದು ಪರಿಚಯವಿಲ್ಲದ ಸೈಕಲ್ಲು.

ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ಸೈಕಲ್ ತರಬೇಡಿ. ಎರಡು ದಿನ ಮುಂಚೆ ತಂದು, ಹೊರುವಷ್ಟೂ ಸಾಮಾನು ಕಟ್ಟಿ, ಇಂದ್ರಾಳಿಯಿಂದ ಮಣಿಪಾಲದ ಏರು ಹತ್ತಿ ನೋಡಿ. ನಾನು ಹಾಗೆ ಮಾಡಿದ್ದರಿಂದಲೇ ಎರಡು ತೊಂದರೆಗಳು ಊರಲ್ಲೇ ಗೊತ್ತಾದವು. ಅತಿ ಹಗುರ ಗೇರಿಗೆ ಹಾಕಿದೊಡನೆ ಚೈನ್ ಹಿಂದಿನ ಚಕ್ರದ ಕಡ್ಡಿಗಳತ್ತ ಜಾರುತ್ತಿತ್ತು. ಘಾಟಿಯಲ್ಲಿ ಬೇಕಾಗುವುದು ಅದೇ ಗೇರು. ಇನ್ನು ಬಾಡಿಗೆಯ ಚೀಲಗಳು ತೀರಾ ಮುಂದಕ್ಕೆ ಕೂತಿದ್ದರಿಂದ ತುಳಿಯುವಾಗಲೆಲ್ಲ ಹಿಮ್ಮಡಿ ತಾಗುತ್ತಿತ್ತು. ಎರಡನ್ನೂ ಅಂಗಡಿಯವರು ಸರಿಮಾಡಿಕೊಟ್ಟರು. ಯಾವ ಹಿಡಿ ಒತ್ತಿದರೆ ಯಾವ ಚಕ್ರ ನಿಲ್ಲುತ್ತದೆ ಎಂದೂ ಆಗಲೇ ನೋಡಿಕೊಳ್ಳಿ, ಎಲ್ಲ ಸೈಕಲ್ಲುಗಳಲ್ಲಿ ಅದು ಒಂದೇ ರೀತಿ ಇರುವುದಿಲ್ಲ. ಹೆಲ್ಮೆಟ್ ಮಾತ್ರ ಬಾಡಿಗೆಗೆ ಬೇಡ, ನಿಮ್ಮ ತಲೆಯ ಅಳತೆಯದ್ದನ್ನು ಕೊಂಡುಕೊಳ್ಳಿ.

ನಾನು ನೋಡದೆ ಬಿಟ್ಟದ್ದು ಸೀಟಿನ ಕೊಳವೆ. ಅದು ತಿಳಿಯದಷ್ಟು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಪೆರ್ಡೂರು ದಾಟುವಷ್ಟರಲ್ಲಿ ಮಂಡಿಯ ಮುಂಭಾಗ ನೋಯತೊಡಗಿತು. ಸೀಟು ತಗ್ಗಿದರೆ ಮಂಡಿ ಪೂರ್ತಿ ಚಾಚಿಕೊಳ್ಳುವುದಿಲ್ಲ, ಭಾರವೆಲ್ಲ ಅಲ್ಲೇ ಬೀಳುತ್ತದೆ. ಎತ್ತರ ಸರಿಯಾದ ಮೇಲೆ ಆ ಗುರುತಿಗೆ ಒಂದು ಸುತ್ತು ಟೇಪ್ ಅಂಟಿಸಿಬಿಡಿ, ಒಂದು ಬೆರಳು ಇಳಿದರೂ ಕಣ್ಣಿಗೆ ಬೀಳುತ್ತದೆ. ಅಂದಹಾಗೆ, ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣಿನ ಹರಕೆ ಪ್ರಿಯ. ನಾನೂ ಅಲ್ಲಿ ಒಂದು ಚಿಪ್ಪು ಹಣ್ಣು ಅರ್ಪಿಸಿ, ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡೆ. ಘಾಟಿಯಲ್ಲಿ ಅದರಷ್ಟು ಒದಗಿದ ಆಹಾರ ಬೇರೆ ಇರಲಿಲ್ಲ.

ಹೆಬ್ರಿಗೆ ಸ್ವಲ್ಪ ಮೊದಲು ಹಿಂದಿನ ಟಯರ್ ಪಂಕ್ಚರ್ ಆಯಿತು. ತಳ್ಳಿಕೊಂಡು ಪೇಟೆ ಸೇರಿದೆ. ಪಂಕ್ಚರ್ ಹಾಕುವ ಹಿರಿಯರು ಟ್ಯೂಬಿಗೆ ಚೆನ್ನಾಗಿಯೇ ಪ್ಯಾಚ್ ಹಾಕಿದರು, ಆದರೆ ಗಾಳಿ ತುಂಬಿಸಲು ಹೋದಾಗ ಕೈ ಚೆಲ್ಲಿದರು. "ಈ ಸಪೂರ ವಾಲ್ವಿಗೆ ನಮ್ಮ ಪೈಪು ಹಿಡಿಯುವುದಿಲ್ಲ ಮಾರಾಯರೇ" ಎಂದರು. ಬಾಡಿಗೆಯ ಕಿಟ್ಟಿನಲ್ಲಿದ್ದ ಸಣ್ಣ ಪಂಪನ್ನು ಇಬ್ಬರೂ ಸರದಿಯಲ್ಲಿ ಒತ್ತಿ, ಅರೆಬರೆ ಗಾಳಿ ತುಂಬಿಸಿದೆವು. ಸಪೂರ ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ, ಬೆರಳ ತುದಿಯಷ್ಟಿನ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ. ಅದೊಂದಿದ್ದರೆ ಯಾವ ಬೈಕ್ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಸಬಹುದು. ಈಗ ಎರಡು ಇಟ್ಟುಕೊಂಡಿದ್ದೇನೆ.

ಸೋಮೇಶ್ವರದಲ್ಲಿ ನೀರು ತುಂಬಿಸಿಕೊಳ್ಳಿ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರಿನೊಳಗೆ ದಾರಿ 500 ಮೀಟರಿಗೂ ಹೆಚ್ಚು ಮೇಲೇರುತ್ತದೆ, 14 ತಿರುವುಗಳು. ಒಳಬದಿಯಲ್ಲಿ ತಿರುವು ಗೋಡೆಯ ಹಾಗೆ ಕಡಿದಾಗಿರುತ್ತದೆ, ಹಾಗೆಂದು ಹೊರಬದಿಗೆ ಹೋದರೆ ಎದುರಿನ ವಾಹನದ ಮುಂದೆ ನಿಲ್ಲುತ್ತೀರಿ. ನಾನು ಪ್ರತಿ ತಿರುವಿನ ಮೊದಲು ಇಳಿದು, ಕಿವಿಗೊಟ್ಟು ಆಲಿಸಿ, ಮಿನಿ ಬಸ್ಸಿನ ಹಾರನ್ ಕೇಳಿಸದಿದ್ದರೆ ಮಾತ್ರ ಮುಂದುವರಿದೆ. ನಾಲ್ಕು ತಿರುವುಗಳಲ್ಲಿ ತಳ್ಳಿಕೊಂಡೇ ಹೋದೆ. ತಳ್ಳಲು ನಾಚಬೇಡಿ, ಆ ನಡಿಗೆಯಲ್ಲೇ ಮಂಡಿಗೆ ಬಿಡುವು ಸಿಗುತ್ತದೆ. ನಿಂತಲ್ಲಿ ತಿಂಡಿಯ ಪೊಟ್ಟಣ ಮಾತ್ರ ಬಿಚ್ಚಬೇಡಿ, ಮಂಗಗಳು ಕಾದಿರುತ್ತವೆ. ಎರಡೂಕಾಲು ಗಂಟೆ ಹಿಡಿಯಿತು. ಸೂರ್ಯಾಸ್ತದ ಕಟ್ಟೆಯ ಮೇಲೆ ಕೂತು ಕೆಳಗಿನ ಕಾಡನ್ನೂ ಅದರಾಚೆ ನಮ್ಮ ಕರಾವಳಿಯ ಮಸುಕನ್ನೂ ನೋಡಿದಾಗ ಗಂಟಲು ಕಟ್ಟಿತು. ಅಷ್ಟು ದೂರದಿಂದ ತುಳಿದುಕೊಂಡು ಬಂದಿದ್ದೇನೆ ಎಂದು ನಂಬಲಾಗಲಿಲ್ಲ.

ಹೆಬ್ರಿ, ಸೋಮೇಶ್ವರ, ಆಗುಂಬೆ, ಈ ಮೂರು ಕಡೆಯಿಂದ ಅಮ್ಮನಿಗೆ ಕರೆ ಮಾಡುವುದೆಂದು ಮೊದಲೇ ಮಾತಾಗಿತ್ತು. ನಡುವೆ ಮೊಬೈಲ್ ಸಿಗದಿದ್ದರೆ ಗಾಬರಿಯಾಗಬಾರದು ಎಂದೂ ಹೇಳಿದ್ದೆ. ಒಂಟಿಯಾಗಿ ಹೋಗುವವರು ಇದನ್ನು ಖಂಡಿತ ಮಾಡಿ. ಆಗುಂಬೆಯಲ್ಲಿ ಉಳಿಯುವ ಜಾಗಗಳು ಕಡಿಮೆ, ಮೊದಲೇ ಹೇಳಿಟ್ಟಿರಬೇಕು. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಗುಡ್ಡ ಜರಿಯುತ್ತದೆ, ಉಂಬಳಗಳು ಕಾಲು ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಚಳಿಗಾಲದ ಬೆಳಿಗ್ಗೆ ಮಂಜಿರುತ್ತದೆ, ಹಿಂದೆ ಮುಂದೆ ದೀಪವಿರಲಿ.

ಎರಡನೆಯ ದಿನ ಸಲೀಸು. ಮಧ್ಯಾಹ್ನದೊಳಗೆ ಶೃಂಗೇರಿ ತಲುಪಿ, ಮಠದಲ್ಲಿ ಊಟ ಮಾಡಿ, ತುಂಗೆಯ ಮೆಟ್ಟಿಲಲ್ಲಿ ಮೀನುಗಳನ್ನು ನೋಡುತ್ತ ಕೂತೆ.

ಮೂರನೆಯ ದಿನದ ದಾರಿ 80 ಕಿಲೋಮೀಟರಿಗೂ ಹೆಚ್ಚು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಹಾದು ಬರುತ್ತದೆ. ಅಂಗಡಿಗಳು ವಿರಳ, ಆದ್ದರಿಂದ ಬೆಳಕು ಹರಿಯುತ್ತಲೇ ಹೊರಡಿ. ಇಳಿಜಾರು ಬಂತೆಂದು ಹಿಗ್ಗಿದ್ದೆ. ನಿಜವಾದ ಅಪಾಯ ಇದ್ದದ್ದು ಅಲ್ಲೇ. ಮಾಳದ ಘಾಟಿ ಅರ್ಧ ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನ ಹಿಡಿ ಹ್ಯಾಂಡಲ್ಲಿಗೇ ತಾಗತೊಡಗಿತು. ನಾನು ಮೇಲಿನಿಂದಲೂ ಬ್ರೇಕನ್ನು ಒತ್ತಿಕೊಂಡೇ ಇಳಿದಿದ್ದೆ. ಅದರಿಂದ ಚಕ್ರದ ಅಂಚು ಬಿಸಿಯಾಗುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಬಲವಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ಮತ್ತೆ ಒತ್ತಬೇಕು. ರಸ್ತೆಬದಿಯಲ್ಲಿ ನಿಲ್ಲಿಸಿ, ಹಿಡಿಯ ಬುಡದಲ್ಲಿ ಕೇಬಲ್ ಹೊರಡುವೆಡೆ ಇರುವ ಸಣ್ಣ ತಿರುಪನ್ನು ಹೊರಮುಖವಾಗಿ ತಿರುಗಿಸಿದೆ. ಕೇಬಲ್ ಬಿಗಿಯಾಯಿತು, ಬ್ರೇಕ್ ಮರಳಿತು. ಈ ತಿರುಪು ಎಲ್ಲಿದೆ ಎಂದು ಅಂಗಡಿಯಲ್ಲೇ ಕೇಳಿ, ಒಮ್ಮೆ ನಿಮ್ಮ ಕೈಯಿಂದಲೇ ತಿರುಗಿಸಿ ನೋಡಿ.

ಬಜಗೋಳಿಯಲ್ಲಿ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಎರಡು ಲೋಟ ಕುಡಿದೆ. ಸಂಜೆ ಆರಕ್ಕೆ ಮನೆ. ಮರುದಿನ ಸೈಕಲ್ ಹಿಂದಿರುಗಿಸುವಾಗ ಸವೆದ ಪ್ಯಾಡನ್ನು ತೋರಿಸಿ, ಮುಂದಿನವರಿಗೆ ಹೀಗೇ ಕೊಡಬೇಡಿ ಎಂದೆ. ನನ್ನೆದುರೇ ಹೊಸತು ಹಾಕಿದರು.