ಒಂದೇ ರೌಂಡು ಸಾಕು ಅಂದ ಮೇಷ್ಟ್ರು

ನಮ್ಮ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಪಾಠ ಅಲ್ಲ, ನಮ್ಮ ಪಿ.ಟಿ. ಮೇಷ್ಟ್ರು. ಹೆಸರು ಬರೆಯುವುದಿಲ್ಲ, ಅವರಿಗೆ ಅದೆಲ್ಲ ಸೇರಲ್ಲ. ನಮ್ಮ ಬ್ಯಾಚಿನವರಿಗೆ ಹೇಗೂ ಗೊತ್ತಾಗುತ್ತೆ.

ಅವರದ್ದು ಒಂದೇ ನಿಯಮ. ಬೆಳಗ್ಗೆ ಬಂದವರು ಬ್ಯಾಗನ್ನು ಬೇವಿನ ಮರದ ಕಟ್ಟೆ ಮೇಲೆ ಇಟ್ಟು ಗ್ರೌಂಡಿಗೆ ಒಂದು ರೌಂಡು ಹಾಕಬೇಕು. ಓಡಿ, ನಡೀರಿ, ಹರಟೆ ಹೊಡ್ಕೊಂಡು ಹೋಗಿ, ಅದು ನಿಮ್ಮಿಷ್ಟ. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದು, ನೀರು ಕುಡಿದು ಪ್ರಾರ್ಥನೆಗೆ ನಿಲ್ಲುವುದು. ಹುರುಪಿನಲ್ಲಿ ಎರಡನೇ ರೌಂಡಿಗೆ ಹೊರಟವರನ್ನು ಸೀಟಿ ಊದಿ ವಾಪಸ್ ಕರೆಯುತ್ತಿದ್ದರು. "ಸಾಕು ಬಾರಲೇ, ನಾಳೆನೂ ಐತಿ!" ಓಡಬೇಡ ಅನ್ನುವ ಪಿ.ಟಿ. ಮೇಷ್ಟ್ರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಅವರು ಗರಡಿ ಮನೆಯಲ್ಲಿ ಬೆಳೆದವರು. ದಾವಣಗೆರೆಗೆ ಗರಡಿ ಹೊಸದೇನಲ್ಲ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಕುಸ್ತಿ ನೋಡಲು ಊರಿಗೆ ಊರೇ ಸೇರುತ್ತದೆ. ಒಂದು ಭಾನುವಾರ ನಮ್ಮನ್ನು ಅವರ ಗರಡಿಗೆ ಕರೆದುಕೊಂಡು ಹೋಗಿದ್ದರು. ಬಾಗಿಲು ತಗ್ಗು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಗೋಡೆಯಲ್ಲಿ ಆಂಜನೇಯ. ನಡುವೆ ಕೆಂಪು ಮಣ್ಣು, ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ಮೆತ್ತಗಾದ ಮಣ್ಣು. ಇನ್ನೇನು ಪೈಲ್ವಾನರು ಕುಸ್ತಿ ಶುರು ಮಾಡುತ್ತಾರೆ ಅಂತ ನಾವು ಕಾಯುತ್ತಾ ಕೂತರೆ, ಅವರು ಸಲಿಕೆ ಗುದ್ದಲಿ ಹಿಡಿದು ಮಣ್ಣು ಅಗೆಯಲು ನಿಂತರು. ಅಗೆದು, ಹೆಂಟೆ ಒಡೆದು, ಮಟ್ಟ ಮಾಡಿ, ಆಮೇಲೆ ದಂಡ, ಬಸ್ಕಿ. ಕುಸ್ತಿ ಬಂದಿದ್ದು ಎಲ್ಲಾ ಮುಗಿದ ಮೇಲೆ. "ಮೈ ಹುಷಾರಿಲ್ಲದ ದಿನ ಕುಸ್ತಿ ಬಿಡ್ತಾರೆ, ಆದ್ರೆ ಬಂದು ಒಂದೆರಡು ಗುದ್ದಲಿ ಮಣ್ಣು ತಿರುವಿ ಹೋಗ್ತಾರೆ" ಅಂದರು ಮೇಷ್ಟ್ರು. ನಮ್ಮ ಒಂದು ರೌಂಡಿನ ಗುಟ್ಟು ನನಗೆ ಅರ್ಥ ಆಗಿದ್ದು ಅಲ್ಲಿ.

ಒಂದು ರೌಂಡಿಗೆ ಮೈ ಗಟ್ಟಿಯಾಗುತ್ತಾ? ಇಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಗ್ಗಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಬೆಳಗ್ಗೆ ಗ್ರೌಂಡಿಗೆ ಇಳಿದವರನ್ನು ಸಂಜೆ ಕೊಕ್ಕೋ, ಕಬಡ್ಡಿಗೆ ಯಾರೂ ಕರೆಯಬೇಕಿರಲಿಲ್ಲ, ಬೆಲ್ ಹೊಡೆದ ಕೂಡಲೇ ಅವರೇ ಅಲ್ಲಿರುತ್ತಿದ್ದರು. ಆಟಕ್ಕೆ ಬಾರದ ನನ್ನಂಥವನೂ ಕೊನೆಗೆ ಅಂಪೈರ್ ಆಗಿಯಾದರೂ ಓಡಾಡುತ್ತಿದ್ದೆ.

ಈಗ ಎಲ್ಲರ ಬಾಯಲ್ಲೂ 21 ದಿನದ ಮಾತು. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತಂತೆ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂದಿದ್ದರು ಅವರು. ಮುಖ ಒಗ್ಗುವುದಕ್ಕೂ ದಿನಾ ಬೆಳಗ್ಗೆ ಓಡುವುದಕ್ಕೂ ಏನು ಸಂಬಂಧ ಹೇಳಿ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಯವರು ಇದನ್ನು ಸರಿಯಾಗಿ ಅಳೆದು ನೋಡಿದರು. 96 ಜನ, 12 ವಾರ, ದಿನಾ ಒಂದೇ ಹೊತ್ತಿಗೆ ಒಂದೇ ಸಣ್ಣ ಕೆಲಸ. 2010ರಲ್ಲಿ ಅಚ್ಚಾದ ಅವರ ಲೆಕ್ಕದ ಪ್ರಕಾರ ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನವೇ ಸಾಕು, ಕೆಲವರಿಗೆ 254 (12 ವಾರ ದಾಟಿದ್ದು ಲೆಕ್ಕ ಮುಂದುವರಿಸಿ ಹಾಕಿದ ಅಂದಾಜು). ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕು. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ. ನಮ್ಮ ಮೇಷ್ಟ್ರೂ ನಿನ್ನೆ ಯಾಕೆ ಬರಲಿಲ್ಲ ಅಂತ ಯಾರನ್ನೂ ಕೇಳುತ್ತಿರಲಿಲ್ಲ. ಇವತ್ತು ಬಂದಿದೀಯ ತಾನೆ, ಹೋಗು, ಅಷ್ಟೇ.

ಊಟದ ವಿಷಯ ಕೇಳಬೇಡಿ. ಸೌದೆ ಒಲೆ ಮೇಲೆ ಬೆಣ್ಣೆ ಕರಗುವ ಊರಿನಲ್ಲಿ ಹುಟ್ಟಿ ದೋಸೆ ಬಿಡಿ ಅಂತ ಬರೆದರೆ ಯಾರೂ ನಂಬಲ್ಲ, ನಾನು ಬಿಟ್ಟೂ ಇಲ್ಲ. ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ನಡೆಯುತ್ತೇನೆ. ಹೊಸ ವರ್ಷ ಬಂದರೆ ಅಲ್ಲಿ ಹೊಸ ಶೂಗಳ ಜಾತ್ರೆ. ಮೊದಲ ದಿನವೇ ಏದುಸಿರು ಬಿಡುತ್ತಾ ಓಡಿ, ಮಾರನೇ ದಿನ ಮಂಡಿ ಹಿಡಿದುಕೊಂಡು, ಯುಗಾದಿ ಹೊತ್ತಿಗೆ ನಾಪತ್ತೆ. ಸೀಟಿ ಊದಿ ವಾಪಸ್ ಕರೆಯುವವರು ಇವರಿಗೆ ಯಾರೂ ಇಲ್ವಲ್ಲ ಅನಿಸುತ್ತದೆ.

ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಜಿಮ್ ಸಾಮಾನು ಕೊಡಿಸೋಣ ಅನ್ನುವ ಮಾತು ನಡೆಯುತ್ತಿದೆ. ನನ್ನ ಪಾಲಿನ ದುಡ್ಡು ಕೊಡುತ್ತೇನೆ, ಆದರೆ ಓಟು ಇಲ್ಲ. ಗೇಟನ್ನು ಪ್ರಾರ್ಥನೆಗಿಂತ ಅರ್ಧ ಗಂಟೆ ಮುಂಚೆ ತೆಗೆಯಿರಿ, ಗ್ರೌಂಡಿನ ಕಲ್ಲು ಆರಿಸಿ, ನಲ್ಲಿ ರಿಪೇರಿ ಮಾಡಿಸಿ. ದುಡ್ಡು ಉಳಿದರೆ ಟ್ರೆಡ್‌ಮಿಲ್ ಆಮೇಲೆ ನೋಡೋಣ.